ಅರವಟ್ಟಿಗೆ ಇಟ್ಟು ಲೋಟ ಬಚ್ಚಿಟ್ಟರೆ?

ಸೂಲಿಬೆಲೆ ಕಡೆ ರೇಷ್ಮೆ ಬೆಳೆಯೋರ ಮನೇಲಿ ಗೂಡು ಬಿಡಿಸೋ ಹೊತ್ತಿಗೆ ಒಂದೇ ಚರ್ಚೆ: ನಾಳೆ ವಿಜಯಪುರಕ್ಕೋ, ಶಿಡ್ಲಘಟ್ಟಕ್ಕೋ? ಪಕ್ಕದ ತೋಟದ ಅಣ್ಣ ಕೇಳಿದ್ರು, "ಕಂಪ್ಯೂಟರ್ ಓದಿದ್ದೀಯಲ್ಲಪ್ಪಾ, ಎರಡೂ ಕಡೆ ರೇಟು ಒಟ್ಟಿಗೆ ಫೋನಲ್ಲಿ ತೋರ್ಸಕ್ಕಾಗಲ್ವಾ?" ಯಾಕಾಗಲ್ಲಣ್ಣ ಅಂದೆ. ಅಂದು ಕೆಟ್ಟೆ.

ದರ ಹಾಕೋ ತಾಣ ಒಂದಿತ್ತು, "ಮುಕ್ತ ಮಾಹಿತಿ" ಅನ್ನೋ ಬೋರ್ಡ್ ಸಮೇತ. ಹೆಸರು ಬೇಡ, ಇದು ಒಂದೇ ತಾಣದ ರೋಗ ಅಲ್ಲ. ನನ್ನ ಲ್ಯಾಪ್‌ಟಾಪಿನ ಟರ್ಮಿನಲ್‌ನಿಂದ ಕೇಳಿದ್ರೆ ಪಟ್ಟಿ ಸಲೀಸಾಗಿ ಬಂತು. ಅದೇ ಪಟ್ಟಿಯನ್ನ ನಾನು ಬರೆದ ಪುಟ ಕೇಳಿದಾಗ ಕೆಂಪಕ್ಷರದ ದೋಷ. ತಮಾಷೆ ನೋಡಿ, ಉತ್ತರ ಫೋನಿನ ತನಕ ಬಂದಿರುತ್ತೆ. ಬ್ರೌಸರ್ ಅದನ್ನ ನನ್ನ ಪುಟದ ಕೈಗೆ ಕೊಡಲ್ಲ, ಅಷ್ಟೇ.

ಬ್ರೌಸರನ್ನ ಬೈಯಬೇಡಿ. 1995ರಲ್ಲಿ ನೆಟ್‌ಸ್ಕೇಪ್ ತಂದ ಕಟ್ಟಳೆ ಇದು: ಒಂದು ತಾಣದ ಪುಟ ಇನ್ನೊಂದು ತಾಣದ ಮಾಹಿತಿಯನ್ನ ಓದಬಾರದು. ಇಲ್ಲದಿದ್ರೆ ಯಾವುದೋ ಪೋಲಿ ಪುಟ ನಿಮ್ಮ ಬ್ಯಾಂಕ್ ಖಾತೆಯನ್ನೇ ಓದಿಬಿಡ್ತಿತ್ತು. ಆದರೆ ಎಲ್ಲರಿಗೂ ಅಂತಲೇ ಇಟ್ಟ ಮಾಹಿತಿಗೆ ಈ ಕಾವಲು ಯಾಕೆ? ಅದಕ್ಕೂ ದಾರಿ ಇದೆ, ಹೆಸರು ಕಾರ್ಸ್. 2014ರಲ್ಲೇ ಡಬ್ಲ್ಯೂ3ಸಿ ಶಿಫಾರಸು ಆಗಿದೆ. ಸರ್ವರ್ ತನ್ನ ಉತ್ತರದ ಜೊತೆ ಒಂದು ಸಾಲು ಸೇರಿಸಬೇಕು: ಆಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್, ಮುಂದೆ ಒಂದು ನಕ್ಷತ್ರ. ಮುಗೀತು!

"ಸೆಕ್ಯೂರಿಟಿ ಸಮಸ್ಯೆ ಸಾರ್" ಅಂತಾರೆ. ಯಾವ ಸೆಕ್ಯೂರಿಟಿ? ಲಾಗಿನ್ ಕುಕಿ ಕಳಿಸಿ ಕೇಳಿದ ಉತ್ತರಕ್ಕೆ ಬರೀ ನಕ್ಷತ್ರ ಇದ್ದರೆ ಬ್ರೌಸರ್ ಅದನ್ನ ಒಪ್ಪೋದೇ ಇಲ್ಲ. ಗುಟ್ಟಿನ ಮಾಹಿತಿಗೆ, ಕಚೇರಿಯ ಒಳಜಾಲಕ್ಕೆ ನಕ್ಷತ್ರ ಹಾಕಿ ಅಂತ ನಾನೂ ಹೇಳ್ತಿಲ್ಲ. ಟರ್ಮಿನಲ್‌ನಿಂದ ಯಾರು ಬೇಕಾದ್ರೂ ತಗೊಳ್ಳೋದನ್ನ ಬ್ರೌಸರಿಗೆ ಮಾತ್ರ ತಡೆದರೆ ಯಾವ ಕಳ್ಳನೂ ಸಿಕ್ಕಿಬೀಳಲ್ಲ. ಸಿಕ್ಕಿಬೀಳೋದು ಬಡವ. ನಡುವೆ ಇನ್ನೊಂದು ಸರ್ವರ್ ಇಟ್ಟು ಬಾಡಿಗೆ ಕಟ್ಟೋ ಕಂಪನಿಗೆ ಇದು ಅಡ್ಡಿಯೇ ಅಲ್ಲ. ಪುಕ್ಕಟೆ ಜಾಗದಲ್ಲಿ ಒಂದು ಪುಟ ಇಡೋ ಹಳ್ಳಿ ಹುಡುಗ-ಹುಡುಗೀರಿಗೆ ಇದು ಗೋಡೆ.

ಜೋಡಿಸಿದ ಮಾಹಿತಿ, ಅಂದ್ರೆ ಲಿಂಕ್ಡ್ ಡೇಟಾ, ಇದರಿಂದ ಇನ್ನೂ ಸೊರಗುತ್ತೆ. ಸೂಲಿಬೆಲೆಯನ್ನ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಊರಿಗೊಂದು ಖಾಯಂ ವೆಬ್ ವಿಳಾಸ ಕೊಟ್ರೆ ದರ, ಮಳೆ, ಬಸ್ಸು ಎಲ್ಲಾ ಅದಕ್ಕೇ ಪೋಣಿಸಬಹುದು. ಆದರೆ ಕೊಂಡಿ ಹಿಡಿದು ಹೋಗುವಾಗ ದಾರಿಯ ಒಂದು ಸರ್ವರ್ ಆ ಸಾಲು ಮರೆತರೂ ಸರಪಳಿ ಅಲ್ಲೇ ತುಂಡು. ಮರುನಿರ್ದೇಶನಗಳಿಗೂ ಅದು ಬೇಕು, ಕೆಲವು ಪ್ರಶ್ನೆಗಳಿಗೆ ಮೊದಲು ಬ್ರೌಸರ್ ಕಳಿಸೋ "ಬರಬಹುದಾ?" ಅನ್ನೋ ವಿಚಾರಣೆಗೂ ಉತ್ತರ ಬೇಕು. ವಿಕಿಡೇಟಾದ ಪ್ರಶ್ನಾ ಸೇವೆ ಇದನ್ನೆಲ್ಲ ಮಾಡುತ್ತೆ. ಹಾಗಾಗಿ ಸ್ವಂತ ಸರ್ವರ್ ಇಲ್ಲದವರೂ ಅದರ ಮೇಲೆ ಪುಟ ಕಟ್ಟಬಹುದು.

ಕೇಂದ್ರ ಸರ್ಕಾರ 2012ರಲ್ಲೇ ಮಾಹಿತಿ ಹಂಚಿಕೆಯ ನೀತಿ ತಂದು, ಮನುಷ್ಯರೂ ಯಂತ್ರಗಳೂ ಓದೋ ಹಾಗೆ ಕೊಡ್ತೀವಿ ಅಂತು. ಸ್ವಾಮಿ, ಅಣ್ಣನ ಕೈಲಿರೋ ಫೋನೂ ಯಂತ್ರವೇ. ಅದರ ಬ್ರೌಸರಿಗೆ ಸಿಗದ ಮಾಹಿತಿಯನ್ನ ಮುಕ್ತ ಅನ್ನಬೇಡಿ. ಅರವಟ್ಟಿಗೆ ಇಟ್ಟಿದ್ದೀರಿ, ಸಂತೋಷ. ಲೋಟವನ್ನೂ ಹೊರಗಿಡಿ.