ಉಜ್ಜಿದ ಬಣ್ಣ ಎಲ್ಲಿಗೆ ಹೋಗುತ್ತದೆ?

ಜಪಾನಿನ ಟೈಟೊ ಕಂಪನಿಯ ‘ಸ್ಪೇಸ್ ಇನ್ವೇಡರ್ಸ್’ 1978ರಲ್ಲಿ, ನಾಮ್ಕೊ ಕಂಪನಿಯ ‘ಪ್ಯಾಕ್‌ಮ್ಯಾನ್’ 1980ರಲ್ಲಿ ಬಂದ ಮೇಲೆ ಆಳೆತ್ತರದ ವಿಡಿಯೋ ಗೇಮ್ ಪೆಟ್ಟಿಗೆಗಳು ಲೋಕವ್ಯಾಪಿಯಾದವು. ಭಾರತದ ದೊಡ್ಡ ಊರುಗಳಲ್ಲೂ ಪಾರ್ಲರುಗಳು ತೆರೆದವು; ಗಣಕಯಂತ್ರ, ಮೊಬೈಲುಗಳು ಮನೆ ಹೊಕ್ಕಂತೆ ಮುಚ್ಚಿಯೂ ಹೋದವು. ಪೆಟ್ಟಿಗೆಗಳು ಗುಜರಿ ಸೇರಿದವು. ಇಂದು ಅವನ್ನೇ ಹುಡುಕಿ ತಂದು, ಮನೆಯಂಗಳದಲ್ಲಿ ಉಜ್ಜಿ, ಬಣ್ಣ ಬಳಿದು ಮತ್ತೆ ಆಡಿಸುವ ಹವ್ಯಾಸ ಜಗತ್ತಿನ ಅನೇಕ ಕಡೆ ಬೆಳೆದಿದೆ. ಕೆಟ್ಟದ್ದನ್ನು ಎಸೆದು ಹೊಸದನ್ನು ಕೊಳ್ಳುವ ಕೊಳ್ಳುಬಾಕ ಸಂಸ್ಕೃತಿಯ ನಡುವೆ ಇದು ಮೆಚ್ಚತಕ್ಕ ಹವ್ಯಾಸ. ಆದರೆ ಮೆಚ್ಚುಗೆಯ ಜೊತೆಗೇ ಒಂದು ಪ್ರಶ್ನೆಯನ್ನೂ ಕೇಳಬೇಕಿದೆ: ಪೆಟ್ಟಿಗೆಯಿಂದ ಕೆರೆದು ತೆಗೆದ ಹಳೆಯ ಬಣ್ಣ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಯನ್ನು ಕೇಳಲು ಬಂಗಾರಪೇಟೆ–ಕೆಜಿಎಫ್ ಸೀಮೆಗಿಂತ ತಕ್ಕ ಜಾಗ ಮತ್ತೊಂದಿಲ್ಲ. ಬಂಗಾರಪೇಟೆಯ ಜಂಕ್ಷನ್ನಿನಿಂದ ದಿನವೂ ಜನ ರೈಲುಗಟ್ಟಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿನ ಗುಜರಿಯಿಂದ ಇಂಥ ಪೆಟ್ಟಿಗೆಯೊಂದನ್ನು ಊರಿಗೆ ತಂದರೆ ಅದನ್ನು ಎಬ್ಬಿಸಿ ನಿಲ್ಲಿಸಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತನ್ನು ಕಂಡ ಚಿನ್ನದ ಗಣಿಯು ತಲೆಮಾರುಗಳ ಕಾಲ ಫಿಟ್ಟರುಗಳನ್ನೂ ಬಡಗಿಗಳನ್ನೂ ವಿದ್ಯುತ್ ಕೆಲಸಗಾರರನ್ನೂ ತಯಾರಿಸಿದ ಶಾಲೆ. 2001ರಲ್ಲಿ ಗಣಿ ಮುಚ್ಚಿದರೂ ವಿದ್ಯೆ ಮುಚ್ಚಲಿಲ್ಲ.

ಅದೇ ಸೀಮೆಗೆ ಧೂಳಿನ ವಿದ್ಯೆಯೂ ತಿಳಿದಿದೆ, ಅದೂ ಬಹಳ ದುಬಾರಿಯ ಪಾಠವಾಗಿ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಿಂದ ತಂದ ಕಲ್ಲನ್ನು ನುಣ್ಣಗೆ ಅರೆದು, ಸಯನೈಡಿನಿಂದ ಚಿನ್ನವನ್ನು ಹೀರಿ, ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಸುರಿಯಲಾಯಿತು. ‘ಸಯನೈಡ್ ದಿಬ್ಬ’ಗಳೆಂದು ಹೆಸರಾದ, ಕೋಟ್ಯಂತರ ಟನ್ ತೂಗುವ ಆ ರಾಶಿಗಳು ಇಂದಿಗೂ ಅಲ್ಲಿವೆ, ಗಾಳಿಗಾಲದಲ್ಲಿ ಬೂದುಬಣ್ಣದ ಪುಡಿ ಮನೆಗಳ ಹೊಸ್ತಿಲು ದಾಟುತ್ತದೆ. ನೆಲದಡಿಯ ಕಥೆ ಇನ್ನೂ ಘೋರ. 1940ರ ದಶಕದ ತಪಾಸಣೆಗಳಲ್ಲಿ ಪರೀಕ್ಷೆಗೊಳಗಾದ ಕಾರ್ಮಿಕರ ಪೈಕಿ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಕಲ್ಲು ಕೊರೆಯುವಾಗ ನೀರು ಹಾಯಿಸಿದರೆ ಧೂಳು ಹಾರದೆ ಕೆಸರಾಗಿ ಇಳಿಯುತ್ತದೆ ಎಂಬ ಸರಳ ಸತ್ಯವನ್ನು ಗಣಿಗಾರಿಕೆ ಒಪ್ಪಿಕೊಳ್ಳುವ ವೇಳೆಗೆ ಎಷ್ಟೋ ಶ್ವಾಸಕೋಶಗಳು ಕಲ್ಲಾಗಿದ್ದವು.

ಹಳೆಯ ಎನಾಮಲ್ ಬಣ್ಣದ ಧೂಳು ಸಿಲಿಕಾ ಅಲ್ಲ. ಅದರ ವಿಷ ಸೀಸ. ಕಣ್ಣು ಕುಕ್ಕುವ ಹಳದಿ, ಕಿತ್ತಳೆ, ಕೆಂಪುಗಳಿಗೆ ಸೀಸದ ಕ್ರೋಮೇಟು ಬಹುಕಾಲ ಮೂಲದ್ರವ್ಯವಾಗಿತ್ತು. ಆಟದ ಪೆಟ್ಟಿಗೆಗಳಿಗೆ ಪ್ರಿಯವಾದ ಬಣ್ಣಗಳೂ ಇವೇ. ದೇಶದ ಪೆಟ್ರೋಲಿನಿಂದ ಸೀಸ 2000ದಲ್ಲೇ ಹೊರಹೋಯಿತು. ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಅದು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಹೊರಟದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಕೈಗಾರಿಕಾ ಬಣ್ಣಗಳನ್ನು ಆ ನಿಯಮ ಮುಟ್ಟಲೇ ಇಲ್ಲ. ಅಂದರೆ ಹಳೆಯ ಪೆಟ್ಟಿಗೆಯ ಮೇಲಿನ ಬಣ್ಣ ಸೀಸಯುಕ್ತವೆಂದೇ ಭಾವಿಸಿ ಕೆಲಸಕ್ಕಿಳಿಯುವುದು ವಿವೇಕ. ಮಕ್ಕಳ ಮಿದುಳಿಗೆ ಸೀಸದ ಯಾವ ಪ್ರಮಾಣವೂ ನಿರಪಾಯಕಾರಿಯಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಇದನ್ನೇ ಸಾರುತ್ತ ಬಂದವರು.

ಹಾಗಾದರೆ ಪೆಟ್ಟಿಗೆಯನ್ನು ಗುಜರಿಯಲ್ಲೇ ಬಿಡಬೇಕೇ? ಖಂಡಿತ ಬೇಡ. ಹಳೆಯ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಅದನ್ನು ಮರದವರೆಗೆ ಕೆರೆಯದೆ, ಒದ್ದೆ ಉಪ್ಪುಕಾಗದದಿಂದ ಮೇಲ್ಮೈಯನ್ನಷ್ಟೇ ಒರಟುಗೊಳಿಸಿ ಅದರ ಮೇಲೆಯೇ ಹೊಸ ಬಣ್ಣ ಬಳಿಯುವುದು ಮೇಲು. ಹೊಚ್ಚಹೊಸದಾಗಿ ಕಾಣಬೇಕೆಂಬ ಹಟವೇ ಅರ್ಧ ಧೂಳಿಗೆ ಕಾರಣ. ಸಿಪ್ಪೆ ಎದ್ದಿರುವ ಕಡೆ ತೇವಗೊಳಿಸಿಯೇ ಕೆರೆಯಬೇಕು. ಹೊಟ್ಟಿನ ಹಲಗೆಯಾದರೆ ನೀರು ಕುಡಿದು ಊದಿಕೊಳ್ಳುವುದರಿಂದ ಒದ್ದೆ ಬಟ್ಟೆಯಷ್ಟು ತೇವ ಸಾಕು. ಬೆಂಕಿಯ ಜ್ವಾಲೆಯಿಂದ ಬಣ್ಣ ಸುಡುವ ಕ್ರಮ ಕೂಡದು, ಸೀಸ ಹೊಗೆಯಾಗಿ ಎದೆ ಸೇರುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಈ ಧೂಳನ್ನು ತಡೆಯದು. ಎನ್-95 ದರ್ಜೆಯ ಮುಖಗವಸು ಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು, ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಮಕ್ಕಳೂ ಗರ್ಭಿಣಿಯರೂ ಆ ಕಡೆ ಸುಳಿಯಬಾರದು. ಚಿತ್ರನಳಿಕೆಯ ಗಾಜಿನಲ್ಲೂ ಸೀಸವಿದೆ. ಕೆಲಸ ಮಾಡುತ್ತಿರುವ ನಳಿಕೆಯನ್ನು ತೆಗೆದು ಚಪ್ಪಟೆ ಪರದೆ ಕೂರಿಸಿದರೆ ಅದು ಗುಜರಿಯಲ್ಲಿ ತಾಮ್ರದಾಸೆಗೆ ಒಡೆಯಲ್ಪಡುತ್ತದೆ. ವಿದ್ಯುತ್ ಕಡಿದ ಮೇಲೂ ಅದು ಆಘಾತ ನೀಡಬಲ್ಲದು; ಬಲ್ಲವರೇ ಮುಟ್ಟಬೇಕು.

ಕೋಟ್ಯಂತರ ಟನ್ ದಿಬ್ಬಗಳ ನೆರಳಲ್ಲಿ ಒಂದು ಹಿಡಿ ಬಣ್ಣದ ಪುಡಿಯ ಲೆಕ್ಕ ಯಾಕೆ ಎಂದು ಯಾರಾದರೂ ಕೇಳಬಹುದು. ಕೇಳುವುದರಲ್ಲಿ ನ್ಯಾಯವಿದೆ. ದಿಬ್ಬಗಳ ಹೊಣೆ ಹವ್ಯಾಸಿಯದಲ್ಲ, ಚಿನ್ನ ಒಯ್ದವರದು. ಆದರೆ ಬೇಕಾದದ್ದನ್ನು ತೆಗೆದುಕೊಂಡು ಬೇಡದ್ದನ್ನು ಗಾಳಿಗೆ ಬಿಡುವ ಕ್ರಮ ಎರಡು ಕಡೆಯೂ ಒಂದೇ. ನೆಲದ ಮೇಲೆ ತೆವಳಿ ಬೆರಳು ಚೀಪುವ ಕೂಸಿಗೆ ಹಿಡಿಯಷ್ಟು ಪುಡಿಯೂ ಬೇಕಿಲ್ಲ.

ಉಜ್ಜಿದ ಕೆಸರು, ಉಪ್ಪುಕಾಗದ, ಥಿನ್ನರಿನ ಚಿಂದಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಅಲ್ಲಿಂದ ಮುಂದೆ? ಬಣ್ಣದ ಡಬ್ಬಿಯಂಥ ಮನೆಯ ಅಪಾಯಕಾರಿ ಕಸಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ತೆರೆಯಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಊರಾಡಳಿತಗಳಿಗೆ ವಿಧಿಸಿದ್ದವು. ಬಂಗಾರಪೇಟೆಯ ಪುರಸಭೆಯಲ್ಲಾಗಲಿ ಕೆಜಿಎಫ್‌ನ ನಗರಸಭೆಯಲ್ಲಾಗಲಿ, ಡಬ್ಬಿ ಹಿಡಿದು ಬಂದವನು ಆ ಕೇಂದ್ರ ಎಲ್ಲಿದೆ ಎಂದು ಕೇಳಿದರೆ ಅವನಿಗೆ ವಿಳಾಸ ಸಿಗಬೇಕು.