ಮೂಕವಾದ ಸ್ಪೀಕರ್, ಕೈತಪ್ಪಿದ ಅಂಕ

ಬಸವೇಶ್ವರನಗರದ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯ ಕನ್ನಡ ಪಾಠ ವೀಕ್ಷಿಸುತ್ತಿದ್ದೆ. ಅಂದಿನ ಪಾಠ ಜನಪದ ಗೀತೆ. ನಮ್ಮ ಪ್ರಶಿಕ್ಷಣಾರ್ಥಿ ಊರಿನಲ್ಲಿರುವ ತನ್ನ ಅಜ್ಜಿಯಿಂದ ಬೀಸುವ ಪದ ಹಾಡಿಸಿ, ವಾಟ್ಸ್‌ಆ್ಯಪ್ ಧ್ವನಿ ಸಂದೇಶವಾಗಿ ತರಿಸಿಕೊಂಡು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದಿದ್ದಳು. ಶಾಲೆಯ ಸ್ಪೀಕರ್‌ಗೆ ಸಿಕ್ಕಿಸಿದಾಗ ದೀಪ ಮಿನುಗಿತು, ಹಾಡು ಬರಲಿಲ್ಲ. ಮಕ್ಕಳು ನಕ್ಕರು. ನಾಲ್ಕಾರು ಸಲ ಗುಂಡಿ ಒತ್ತಿ ಸೋತು, ಕೊನೆಗೆ ತಾನೇ ಹಾಡಿದಳು. ನಾನು 'ಬೋಧನೋಪಕರಣಗಳ ಬಳಕೆ'ಗೆ 5ಕ್ಕೆ 1 ಕೊಟ್ಟು, 'ಪೂರ್ವಸಿದ್ಧತೆ ಸಾಲದು' ಎಂದು ಷರಾ ಬರೆದೆ.

ಕಾಲೇಜಿಗೆ ಬಂದು ಆ ಪೆನ್‌ಡ್ರೈವ್ ತೆರೆದು ನೋಡಿದೆ. ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳು ಓಪಸ್ ಎಂಬ ಸ್ವರೂಪದಲ್ಲಿರುತ್ತವೆ. ಅವಳು ಕಡತದ ಹೆಸರಿನ ಕೊನೆಯಲ್ಲಿದ್ದ 'ಓಪಸ್' ಅಳಿಸಿ 'ಎಂಪಿ3' ಎಂದು ಬರೆದಿದ್ದಳು. "ಹೆಸರು ಬದಲಾಯಿಸಿದ್ದೆನಲ್ಲ ಮೇಡಂ?" ಎಂದು ಕೇಳಿದಳು. ರಾಗಿ ಡಬ್ಬಿಗೆ ಅಕ್ಕಿಯ ಚೀಟಿ ಅಂಟಿಸಿದರೆ ಒಳಗಿರುವುದು ರಾಗಿಯೇ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಧ್ವನಿಯನ್ನು ಕುಗ್ಗಿಸಿಡುವ ವಿಧಾನಗಳು ಹಲವು. ಎಂಪಿ3 ಹಳೆಯದು, ಆ ಹೆಸರು ನಿಗದಿಯಾದದ್ದು 1995ರಲ್ಲಿ, ಜರ್ಮನಿಯಲ್ಲಿ. ಓಪಸ್ 2012ರದು. ಫೋನಿನ ರೆಕಾರ್ಡರ್ ಸಾಮಾನ್ಯವಾಗಿ ಕೊಡುವ ಎಂ4ಎ ಕಡತದೊಳಗೆ ಇರುವುದು ಎಎಸಿ. ಫೋನು ಇವೆಲ್ಲವನ್ನೂ ಬಿಡಿಸಬಲ್ಲದು. ಅಗ್ಗದ ಸ್ಪೀಕರ್‌ನೊಳಗಿನ ಚಿಪ್‌ಗೆ ಹೆಚ್ಚಾಗಿ ಬರುವುದು ಎಂಪಿ3 ಒಂದೇ. ಅಗ್ಗದ್ದಕ್ಕೆ ಮಾತ್ರ ಈ ಮಿತಿ ಎನ್ನುವಂತಿಲ್ಲ, ಅಷ್ಟು ದುಬಾರಿಯ ಐಪಾಡ್ ಕೂಡ ಡಬ್ಲ್ಯುಎಂಎ ಕಡತಗಳನ್ನು ನುಡಿಸುತ್ತಿರಲಿಲ್ಲ.

ಉಪಕರಣವೇ ಬೇಡ, ಶಿಕ್ಷಕಿಯೇ ಹಾಡಲಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅಂದು ಅವಳು ಹಾಡಿದ್ದೇ ಪಾಠದ ಚೆಂದದ ಭಾಗವಾಗಿತ್ತು, ನಿಜ. ಆದರೆ ಅಜ್ಜಿಯ ಉಚ್ಚಾರ, ಬೀಸುಕಲ್ಲಿನ ಲಯಕ್ಕೆ ಎಳೆದ ಆ ದನಿ ಮಕ್ಕಳಿಗೆ ಸಿಗಲಿಲ್ಲ.

ಸ್ಲೈಡ್‌ಗಳಿಗೆ ಬಣ್ಣ ಬಳಿಯುವುದಕ್ಕೆ ನಾವು ವಾರಗಟ್ಟಲೆ ಕೊಡುತ್ತೇವೆ. ಇದಕ್ಕೆ ಒಂದು ಪಿರಿಯಡ್ ಸಾಕು. ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ನಿಜವಾಗಿಯೇ ಎಂಪಿ3ಗೆ ಪರಿವರ್ತಿಸಬಹುದು. ಒಬ್ಬರ ದನಿಗೆ 64 ಕೆಬಿಪಿಎಸ್ ಆದರೂ ನಡೆಯುತ್ತದೆ. ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ಪೆನ್‌ಡ್ರೈವ್ ಫ್ಯಾಟ್32ರಲ್ಲಿರಲಿ, ಬೇರೆ ಬಗೆಯದನ್ನು ಅನೇಕ ಸ್ಪೀಕರ್‌ಗಳು ಓದುವುದೇ ಇಲ್ಲ.

'ಶಾಲೆಯ ಸಾಧನದಲ್ಲೇ ಮೊದಲು ಕೇಳಿ ನೋಡಿದ್ದೇನೆ' ಎಂಬ ಸಾಲು ಪಾಠಯೋಜನೆಯಲ್ಲಿ ಬರಬೇಕು. ಆದರೆ ಸ್ಪೀಕರ್ ಇರುವುದು ಮುಖ್ಯ ಶಿಕ್ಷಕರ ಬೀರುವಿನಲ್ಲಿ. ಪ್ರಶಿಕ್ಷಣಾರ್ಥಿಗೆ ಅದು ಕಾಣುವುದು ಪಾಠದ ಗಂಟೆ ಹೊಡೆದ ಮೇಲೆ. ಹಿಂದಿನ ದಿನ ಹತ್ತು ನಿಮಿಷ ಅದನ್ನು ಕೊಡಿ ಎಂದು ಕಾಲೇಜೇ ಪತ್ರದಲ್ಲಿ ಕೇಳಬೇಕು. ಕೇಳದೆ ಅಂಕ ಕಳೆಯುವ ಹಕ್ಕು ನಮಗಿಲ್ಲ.

ಮುಂದಿನ ವಾರ ಅವಳು ಅದೇ ಹಾಡನ್ನು ಇನ್ನೊಂದು ವಿಭಾಗಕ್ಕೆ ಕೇಳಿಸಿದಳು. ಅಂಕಪಟ್ಟಿ ಅಷ್ಟರಲ್ಲಿ ಕಚೇರಿ ಸೇರಿತ್ತು. ಅದರಲ್ಲಿ ಅವಳ ಹೆಸರಿನ ಮುಂದೆ 1 ಹಾಗೆಯೇ ಇದೆ.