ರೋಗಕ್ಕೆ ಸಮುದಾಯದ ಹೆಸರೇಕೆ?

1993ರ ಮೇ ತಿಂಗಳಲ್ಲಿ ಅಮೇರಿಕದ ನ್ಯೂ ಮೆಕ್ಸಿಕೊ, ಅರಿಝೋನಾ ರಾಜ್ಯಗಳ ಗಡಿಭಾಗದಲ್ಲಿ ಆರೋಗ್ಯವಂತ ಯುವಜನರು ಹಠಾತ್ತನೆ ಉಸಿರಾಟದ ತೊಂದರೆಯಿಂದ ಸಾವನ್ನಪ್ಪತೊಡಗಿದರು. ಮೊದಲು ಸತ್ತವರಲ್ಲಿ ಹಲವರು ನವಾಜೊ ಎಂಬ ಮೂಲನಿವಾಸಿ ಜನಾಂಗದವರು. ಅಷ್ಟೇ ಸಾಕಾಯಿತು. ಮಾಧ್ಯಮಗಳು ಅದನ್ನು 'ನವಾಜೊ ಜ್ವರ' ಎಂದು ಕರೆದವು. ಜನರು ನವಾಜೊ ಮಕ್ಕಳಿಂದಲೂ ದೂರ ಸರಿದರು.

ವಾಸ್ತವವೇನು? ವಿಜ್ಞಾನಿಗಳು ಕೆಲವೇ ವಾರಗಳಲ್ಲಿ ಪತ್ತೆಹಚ್ಚಿದ್ದು ಹಂಟಾ ವೈರಸ್‌ನ ಹೊಸ ಪ್ರಭೇದವನ್ನು. ಡೀರ್ ಮೌಸ್ ಎಂಬ ಕಾಡಿಲಿಯ ಒಣಗಿದ ಮಲಮೂತ್ರವು ಧೂಳಿನೊಡನೆ ಬೆರೆತು ಉಸಿರಿನ ಮೂಲಕ ಮನುಷ್ಯನ ಶ್ವಾಸಕೋಶವನ್ನು ಸೇರುತ್ತಿತ್ತು. ಈ ಪ್ರಭೇದವು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಮಳೆ, ಹಿಮ ಹೆಚ್ಚಾಗಿ ಪೈನ್ ಬೀಜಗಳು ಸಮೃದ್ಧವಾದಾಗ ಇಲಿಗಳೂ ಹೆಚ್ಚುತ್ತವೆ, ಅವುಗಳನ್ನು ಮನೆಯಿಂದ ದೂರವಿಡಬೇಕು ಎಂಬುದು ನವಾಜೊ ಹಿರಿಯರ ತಿಳುವಳಿಕೆಯಾಗಿತ್ತು. ದೂಷಣೆಗೊಳಗಾದವರ ಬಳಿಯೇ ಸತ್ಯದ ಸುಳಿವಿತ್ತು!

2020ರಲ್ಲಿ ಕೋವಿಡ್ ಹರಡಿದಾಗ ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ಭಾರತದ ಮುಸ್ಲಿಮರೂ ಇಂತಹ ಕಳಂಕವನ್ನು ಹೊರಬೇಕಾಯಿತು. ವಿದೇಶಿ ಸದಸ್ಯರನ್ನು ಬಲಿಪಶುಗಳನ್ನಾಗಿ ಮಾಡಿರುವ ಸಂಭವವಿದೆಯೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಅದೇ ವರ್ಷದ ಆಗಸ್ಟ್‌ನಲ್ಲಿ ಹೇಳಿ, ಅವರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿತು.

ಆ ನೋವನ್ನು ಉಂಡ ನಮ್ಮ ಹೊಣೆ ಹೆಚ್ಚಿನದು. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಮನೆ, ಮೊಹಲ್ಲಾಗಳ ಶುಚಿತ್ವ ನಮ್ಮ ಕರ್ತವ್ಯ. ಸುದ್ದಿಯನ್ನು ಪರಿಶೀಲಿಸಬೇಕೆಂಬ ಪವಿತ್ರ ಕುರ್‌ಆನ್‌ನ ಆದೇಶವೂ ನಮಗಿದೆ. ನಾಳೆ ಯಾವುದೋ ರೋಗಕ್ಕೆ ವಲಸೆ ಕಾರ್ಮಿಕರನ್ನೋ ಕೊಳೆಗೇರಿಯವರನ್ನೋ ಹೊಣೆಯಾಗಿಸುವ ಸಂದೇಶ ನಮ್ಮ ಮೊಬೈಲ್‌ಗೆ ಬಂದರೆ, ಅದನ್ನು ಮುಂದಕ್ಕೆ ರವಾನಿಸುವ ಕೈ ನಮ್ಮದಾಗದಿರಲಿ.